ಹಂಡೆಯೋ, ಬಿಂದಿಗೆಯೋ?

(ಶಾಲೆಯ ಪೋಷಕರ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯನಾದವನು ವಿದ್ಯೆಯ ಮಹಿಮೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಿ ಕುಳಿತುಕೊಳ್ಳುವುದು ವಾಡಿಕೆ. ಇಂದು ಆ ವಾಡಿಕೆಯನ್ನು ಬಿಟ್ಟು ಒಂದು ಪೆಟ್ಟಿಗೆಯ ವಿಷಯವಾಗಿ ಮಾತನಾಡಬೇಕೆಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಅದಕ್ಕೆ ಕಾರಣವನ್ನು ತಾವೆಲ್ಲರೂ ಬಲ್ಲಿರಿ. ನಮ್ಮ ಕಾಸರಗೋಡಿನ ಒಳನಾಡಿನಲ್ಲಿ ಜೂನ್ ತಿಂಗಳು ಹಿಡಿದು ಮಳೆ ಗಾಳಿಗಳ ಆರ್ಭಟ. ಅಡಕೆಯ ತೋಟದ ನಡುವೆ ಹಾದುಹೋಗುವ ತಂತಿಯ ಮೇಲೆ ಒಂದು ಕೊಂಬೆ ಮುರಿದು ಬಿದ್ದರೆ ಸಾಕು, ಕಣಿವೆಗೆ ಕಣಿವೆಯೇ ಕತ್ತಲಲ್ಲಿ ಮುಳುಗುವುದು. ಸುರಿಯುವ ಮಳೆಯಲ್ಲಿ ಕಂಬ ಹತ್ತಿ ದುಡಿಯುವ ಕೆಲಸಗಾರರ ಶ್ರಮಕ್ಕೆ ನಾವು ಋಣಿಗಳು. ಆದರೂ ಒಮ್ಮೊಮ್ಮೆ ದೀಪ ಮರಳಿ ಬರುವುದಕ್ಕೆ ಒಂದೆರಡು ದಿನಗಳೇ ಹಿಡಿಯುವುದುಂಟು.

ಹಳೆಯ ವಿದ್ಯಾರ್ಥಿಗಳು ಈ ತೊಂದರೆಯನ್ನು ಮನಗಂಡು, ಬರುವ ಮಳೆಗಾಲದ ಮೊದಲು ಶಾಲೆಗೆ ವಿದ್ಯುತ್ತನ್ನು ಕೂಡಿಡುವ ಪೆಟ್ಟಿಗೆಯೊಂದನ್ನು ಕೊಳ್ಳಬೇಕೆಂದು ಸಂಘಕ್ಕೆ ಹಣ ಕೊಟ್ಟಿದ್ದಾರೆ. ಆ ಹಣ ಬಂದ ದಿನದಿಂದ ನಮ್ಮಲ್ಲಿ ಎರಡು ಪಕ್ಷಗಳಾಗಿವೆ. ಕೊಳ್ಳುವುದಾದರೆ ಎಲ್ಲಕ್ಕೂ ಆಗುವಂಥ ದೊಡ್ಡದೊಂದನ್ನು ಕೊಳ್ಳೋಣ ಎಂಬುದು ಒಂದು ಪಕ್ಷ. ಚಿಕ್ಕವು ನಾಲ್ಕಾರು ಇದ್ದರೆ ಮಕ್ಕಳಿಗೆ ಹೆಚ್ಚು ಉಪಯೋಗ ಎಂಬುದು ಇನ್ನೊಂದು. ಎರಡು ಪಕ್ಷದವರೂ ಶಾಲೆಯ ಹಿತವನ್ನೇ ಬಯಸುವವರು. ನ್ಯಾಯ ಹೇಳುವ ಮೊದಲು ವಿಷಯವನ್ನು ತಿಳಿಯುವುದು ಮೇಲೆಂದು ನಾನು ಈ ಕೆಲವು ತಿಂಗಳು ಬಲ್ಲವರನ್ನು ಕೇಳಿ ಕಲಿತದ್ದನ್ನು ತಮ್ಮ ಮುಂದೆ ಇಡುತ್ತೇನೆ.

ಅಂಗಡಿಯವರು ಈ ಪೆಟ್ಟಿಗೆಯನ್ನು 'ಪೋರ್ಟಬಲ್ ಪವರ್ ಸ್ಟೇಷನ್' ಎಂದು ಕರೆಯುತ್ತಾರೆ. ಹೆಸರು ಕೇಳಿ ಇದು ವಿದ್ಯುತ್ತನ್ನು ಹುಟ್ಟಿಸುವ ಯಂತ್ರವೆಂದು ಭಾವಿಸಬಾರದು. ಇದು ಬರಿಯ ಕಣಜ. ತುಂಬಿದಷ್ಟನ್ನು ಕೊಡುತ್ತದೆ, ಅದೂ ತುಸು ಕಡಿಮೆಯಾಗಿಯೇ. ಒಳಗೆ ಲಿಥಿಯಮ್ ಕೋಶಗಳ ಸಾಲು ಇರುತ್ತದೆ. ಕೋಶದಿಂದ ಬರುವ ನೇರ ವಿದ್ಯುತ್ತನ್ನು ನಮ್ಮ ಮನೆಯ 230 ವೋಲ್ಟಿನ ಪರ್ಯಾಯ ವಿದ್ಯುತ್ತಾಗಿ ಬದಲಿಸುವ ಸಾಧನವೊಂದು, ಮಿತಿ ಮೀರಿದರೆ ಎಲ್ಲವನ್ನೂ ನಿಲ್ಲಿಸುವ ಕಾವಲು ಮಂಡಲವೊಂದು ಅದಕ್ಕೆ ಸೇರಿರುತ್ತವೆ. ಮುಖದ ಮೇಲೆ ದೀಪ, ಫ್ಯಾನು, ಫೋನುಗಳನ್ನು ಸಿಕ್ಕಿಸುವ ಕಿಂಡಿಗಳಿರುತ್ತವೆ. ಹೊಗೆಯಿಲ್ಲ, ಸದ್ದಿಲ್ಲ, ಎಣ್ಣೆ ಬೇಡ. ಇದರ ವಂಶಾವಳಿಯೂ ದೊಡ್ಡದು. 1800ರಲ್ಲಿ ಇಟಲಿಯ ವೋಲ್ಟಾ ಮೊದಲ ವಿದ್ಯುತ್ಕೋಶವನ್ನು ಲೋಕಕ್ಕೆ ತಿಳಿಸಿದನು. 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಮತ್ತೆ ಮತ್ತೆ ತುಂಬಬಹುದಾದ ಸೀಸದ ಕೋಶವನ್ನು ಮಾಡಿದನು. 1991ರಲ್ಲಿ ಲಿಥಿಯಮ್ ಅಯಾನ್ ಕೋಶವು ಮಾರುಕಟ್ಟೆಗೆ ಬಂದಿತು. ಅದಕ್ಕೆ ತಳಹದಿ ಹಾಕಿದ ಗುಡಿನಫ್, ವಿಟ್ಟಿಂಗ್‌ಹ್ಯಾಮ್, ಯೋಷಿನೊ ಎಂಬ ಮೂವರಿಗೆ 2019ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು.

ಇನ್ನು ನನ್ನ ಸ್ವಂತ ಅನುಭವವೊಂದನ್ನು ಅರಿಕೆ ಮಾಡಿಕೊಳ್ಳಬೇಕು. ಹೇಳಲು ಸಂಕೋಚವಿದೆ, ಆದರೆ ಮಕ್ಕಳ ತಪ್ಪನ್ನು ದಿನವೂ ತಿದ್ದುವವನು ತನ್ನದನ್ನು ಮುಚ್ಚಿಡುವುದು ಸಲ್ಲದು.

ನನ್ನ ತಾಯಿಯವರಿಗೆ ಶ್ವಾಸಕೋಶದ ಬೇನೆ. ಮನೆಯಲ್ಲಿ ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಯಂತ್ರವೊಂದಿದೆ. ವಿದ್ಯುತ್ತು ಹೋದರೆ ಗತಿಯೇನೆಂದು ಯೋಚಿಸಿ, 2024ರ ಮೇ ತಿಂಗಳಿನಲ್ಲಿ ನಾನೊಂದು ಚಿಕ್ಕ ವಿದ್ಯುತ್ ಪೆಟ್ಟಿಗೆಯನ್ನು ತರಿಸಿದೆನು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ '80,000 ಮಿಲಿ ಆಂಪಿಯರ್ ಗಂಟೆ' ಎಂದು ಅಚ್ಚಾಗಿತ್ತು. ನನ್ನ ಫೋನಿನದು 5,000. ಇದು ಅದರ 16 ಪಾಲು. ಎಂಬತ್ತು ಸಾವಿರವೆಂದರೆ ಎಂಥ ಸಂಖ್ಯೆ! ಒಂದು ರಾತ್ರಿ ಸುಖವಾಗಿ ಕಳೆಯುವುದೆಂದು ನಂಬಿ ಮೂಲೆಯಲ್ಲಿಟ್ಟು ನಿಶ್ಚಿಂತನಾದೆನು. ಒಮ್ಮೆಯಾದರೂ ಯಂತ್ರವನ್ನು ಅದಕ್ಕೆ ಸಿಕ್ಕಿಸಿ ಪರೀಕ್ಷಿಸಲಿಲ್ಲ.

ಜುಲೈ ತಿಂಗಳ ಒಂದು ರಾತ್ರಿ, ಹನ್ನೊಂದು ಗಂಟೆಯ ಸುಮಾರಿಗೆ ದೀಪ ಹೋಯಿತು. ಪೆಟ್ಟಿಗೆಯನ್ನು ಹಚ್ಚಿದೆನು. ಯಂತ್ರ ನಡೆಯಿತು. ತಾಯಿಯವರು ಕಣ್ಣು ಮುಚ್ಚಿದರು. ನಾನೂ ಕುರ್ಚಿಯಲ್ಲಿ ತೂಕಡಿಸಿದೆನು. ಮುಕ್ಕಾಲು ಗಂಟೆ ಕಳೆದಿರಬೇಕು. ಯಂತ್ರದ ಸದ್ದು ಫಕ್ಕನೆ ನಿಂತ ಮೌನಕ್ಕೆ ನನಗೆ ಎಚ್ಚರವಾಯಿತು. ಪೆಟ್ಟಿಗೆಯಲ್ಲಿ ಒಂದು ಹನಿಯೂ ಉಳಿದಿರಲಿಲ್ಲ. ಆಮೇಲೆ ನೆರೆಯವರನ್ನು ಕೂಗಿದ್ದು, ಜೀಪು ಬಂದದ್ದು, ದಾರಿಯಲ್ಲಿ ಬಿದ್ದ ಹಲಸಿನ ಮರವನ್ನು ಕಡಿದು ಸರಿಸಿದ್ದು, ತಾಯಿಯ ತುಟಿಯ ಬಣ್ಣವನ್ನು ಟಾರ್ಚಿನ ಬೆಳಕಿನಲ್ಲಿ ನೋಡುತ್ತ ಆಸ್ಪತ್ರೆ ಮುಟ್ಟಿದ್ದು — ಇವನ್ನು ವಿಸ್ತರಿಸುವುದಿಲ್ಲ. ದೇವರ ದಯೆ, ನೆರೆಯವರ ಉಪಕಾರ. ಅವರು ಚೇತರಿಸಿಕೊಂಡು ಮನೆಗೆ ಬಂದರು.

ಮರುದಿನ ಸಂಜೆ, ಹತ್ತನೆಯ ತರಗತಿಯಲ್ಲಿದ್ದ ನನ್ನ ಮಗಳು ಒಂದು ಹಾಳೆಯನ್ನು ತಂದು ನನ್ನ ಮುಂದಿಟ್ಟಳು. ಅದರಲ್ಲಿ ಮೂರು ಸಾಲುಗಳ ಲೆಕ್ಕವಿತ್ತು. ಕೋಶದ ಒತ್ತಡ 3.7 ವೋಲ್ಟ್, 80,000 ಮಿಲಿ ಆಂಪಿಯರ್ ಗಂಟೆಯೆಂದರೆ 80 ಆಂಪಿಯರ್ ಗಂಟೆ, ಗುಣಿಸಿದರೆ 296 ವ್ಯಾಟ್ ಗಂಟೆ. ಇದು ಮೊದಲನೆಯ ಸಾಲು. ನೇರ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿ ಬದಲಿಸುವಾಗ ನೂರಕ್ಕೆ ಸುಮಾರು 15 ಪಾಲು ಶಾಖವಾಗಿ ಹೋಗುತ್ತದೆ. ಉಳಿಯುವುದು ಸುಮಾರು 250. ಇದು ಎರಡನೆಯ ಸಾಲು. ಯಂತ್ರದ ಬೆನ್ನಮೇಲೆ 320 ವ್ಯಾಟ್ ಎಂದು ಬರೆದಿದೆ. 250ನ್ನು 320ರಿಂದ ಭಾಗಿಸಿದರೆ 47 ನಿಮಿಷ. ಇದು ಮೂರನೆಯ ಸಾಲು. 'ಇದು ನಮ್ಮ ಪಾಠದಲ್ಲಿಯೇ ಇದೆಯಲ್ಲ ಅಪ್ಪ' ಎಂದಳು. ಬಿ.ಎ., ಬಿ.ಟಿ. ಓದಿ, ಇಷ್ಟು ವರ್ಷ ಪಾಠ ಹೇಳಿದ ನಾನು ತಲೆ ತಗ್ಗಿಸಿ ಕುಳಿತೆನು. ಪೆಟ್ಟಿಗೆ ಕೆಟ್ಟದ್ದಾಗಿರಲಿಲ್ಲ. ಅದು ತನ್ನ ಕೈಲಾದಷ್ಟನ್ನೂ ಕೊಟ್ಟಿತ್ತು. ಲೆಕ್ಕ ಮಾಡದೆ ಇದ್ದವನು ನಾನು.

ಆದಕಾರಣ ದೊಡ್ಡದೋ ಚಿಕ್ಕದೋ ಎಂಬ ಪ್ರಶ್ನೆಗೆ ಮೊದಲು ಬೇಕಾದುದು ಅಭಿಪ್ರಾಯವಲ್ಲ, ಅಳತೆ. ಈ ಪೆಟ್ಟಿಗೆಗಳಿಗೆ ಎರಡು ಅಳತೆಗಳಿವೆ. ನಮ್ಮ ಊರಿನವರಿಗೆ ಅವನ್ನು ತಿಳಿಸುವುದು ಕಷ್ಟವಲ್ಲ. ಏಕೆಂದರೆ ನಮ್ಮಲ್ಲಿ ಸುರಂಗಗಳಿವೆ. ಹಿರಿಯರು ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ತೋಡಿದ ಸುರಂಗದಿಂದ ನೀರು ಹಗಲಿರುಳು ಸಣ್ಣಗೆ ಒಸರಿ ಬಂದು ಹೊರಗಿನ ಕೆರೆಯಲ್ಲಿ ತುಂಬುತ್ತದೆ. ಕೆರೆಯಲ್ಲಿ ಎಷ್ಟು ನೀರಿದೆ ಎಂಬುದು ಒಂದು ಲೆಕ್ಕ. ಕೆರೆಯ ತೂಬು ಎಷ್ಟು ಅಗಲವಿದೆ, ಒಮ್ಮೆಗೆ ಎಷ್ಟು ನೀರು ಬಿಡಬಲ್ಲುದು ಎಂಬುದು ಬೇರೆಯೇ ಒಂದು ಲೆಕ್ಕ. ಪೆಟ್ಟಿಗೆಯಲ್ಲಿ ವ್ಯಾಟ್ ಗಂಟೆಯೆಂಬುದು ಕೆರೆಯ ನೀರು. ವ್ಯಾಟ್ ಎಂಬುದು ತೂಬಿನ ಅಗಲ. ಕೆರೆ ದೊಡ್ಡದಿದ್ದು ತೂಬು ಕಿರಿದಾಗಿದ್ದರೆ ದೊಡ್ಡ ಯಂತ್ರ ಹೊರಡುವುದೇ ಇಲ್ಲ. ತೂಬು ಅಗಲವಿದ್ದು ಕೆರೆ ಚಿಕ್ಕದಾಗಿದ್ದರೆ ನನ್ನ ಮನೆಯಲ್ಲಿ ಆದಂತೆ 47 ನಿಮಿಷಕ್ಕೆ ಎಲ್ಲವೂ ಬರಿದು. ಅಂಗಡಿಯಲ್ಲಿ ಈ ಎರಡು ಸಂಖ್ಯೆಗಳನ್ನೂ ಬೇರೆಬೇರೆಯಾಗಿ ಕೇಳಬೇಕು. ಮಿಲಿ ಆಂಪಿಯರ್ ಗಂಟೆಯ ದೊಡ್ಡ ಸಂಖ್ಯೆಗೆ ಮರುಳಾಗಬಾರದು.

ಇನ್ನು ನಮ್ಮ ಮನೆಗಳ ಅಗತ್ಯವನ್ನು ನೋಡೋಣ. ವಿದ್ಯಾರ್ಥಿಗಳು ಬರೆದುಕೊಳ್ಳಬಹುದು. 9 ವ್ಯಾಟಿನ ಮೂರು ಎಲ್.ಇ.ಡಿ. ದೀಪಗಳನ್ನು 4 ಗಂಟೆ ಉರಿಸಿದರೆ 108 ವ್ಯಾಟ್ ಗಂಟೆ. ಮೂರು ಫೋನುಗಳನ್ನು ಒಂದೊಂದು ಸಲ ತುಂಬಿದರೆ ತಲಾ 20ರಂತೆ 60. ಅಂತರಜಾಲದ ಪೆಟ್ಟಿಗೆಗೆ ಗಂಟೆಗೆ 10ರಂತೆ 4 ಗಂಟೆಗೆ 40. ಒಟ್ಟು 208. ನಷ್ಟವನ್ನೂ ಸೇರಿಸಿದರೆ 245ರ ಹತ್ತಿರ. ಎಂದರೆ ಬೆಳಕು, ಓದು, ಮಾತುಕತೆ ಇಷ್ಟೇ ಬೇಕಾದ ಮನೆಗೆ 300 ವ್ಯಾಟ್ ಗಂಟೆಯ ಚಿಕ್ಕ ಪೆಟ್ಟಿಗೆ ಒಂದು ರಾತ್ರಿಗೆ ಸಾಕು. ಮಲಗುವ ಕೋಣೆಯ ಹಳೆಯ ಫ್ಯಾನೊಂದನ್ನು ಇದಕ್ಕೆ ಸೇರಿಸಿ ನೋಡಿರಿ. ಅದು 75 ವ್ಯಾಟ್ ಎಳೆಯುತ್ತದೆ. 8 ಗಂಟೆಗೆ 600. ಒಟ್ಟು 808, ನಷ್ಟ ಸೇರಿದರೆ 950. ಒಂದು ಫ್ಯಾನಿನಿಂದ ಪೆಟ್ಟಿಗೆ ನಾಲ್ಕು ಪಾಲಾಗಿ ಬೆಳೆಯಿತು! ಅದೇ ಫ್ಯಾನನ್ನು ತೆಗೆದು, ಈಗ ದೊರೆಯುವ 30 ವ್ಯಾಟಿನ ಹೊಸ ಬಗೆಯ ಫ್ಯಾನನ್ನು ಹಾಕಿದರೆ 8 ಗಂಟೆಗೆ 240. ಒಟ್ಟು 448, ನಷ್ಟ ಸೇರಿ 527. ಪೆಟ್ಟಿಗೆಯನ್ನು ಹಿಗ್ಗಿಸುವುದಕ್ಕಿಂತ ಅಗತ್ಯವನ್ನು ಕುಗ್ಗಿಸುವುದು ಅಗ್ಗವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬುದು ಗಾದೆ. ಹಾಸಿಗೆಯನ್ನು ಇನ್ನೂ ಕೊಳ್ಳದಿರುವವನು ಮೊದಲು ಕಾಲನ್ನು ಅಳೆದುಕೊಳ್ಳುವುದು ವಿವೇಕ.

ತಾಯಂದಿರು ಫ್ರಿಜ್ಜಿನ ಮಾತನ್ನು ಕೇಳುವಿರಿ. ಬಾಗಿಲನ್ನು ತೆರೆಯದೆ ಇಟ್ಟರೆ ಫ್ರಿಜ್ಜು ಸುಮಾರು 4 ಗಂಟೆ ತನ್ನ ತಂಪನ್ನು ತಾನೇ ಕಾಪಾಡಿಕೊಳ್ಳುತ್ತದೆ. ಅಷ್ಟು ಹೊತ್ತಿನ ಕತ್ತಲೆಗೆ ಪೆಟ್ಟಿಗೆ ಬೇಡ, ಬಾಗಿಲು ಮುಚ್ಚಿಡುವ ಶಿಸ್ತು ಬೇಕು. ದಿನವಿಡೀ ನಡೆಸಬೇಕಾದರೆ ಒಂದು ಯೂನಿಟ್ಟಿನ ಹತ್ತಿರ, ಎಂದರೆ 1,000 ವ್ಯಾಟ್ ಗಂಟೆಯ ಲೆಕ್ಕ ಹಿಡಿಯಬೇಕು. ಇಸ್ತ್ರಿ ಪೆಟ್ಟಿಗೆ, ವಿದ್ಯುತ್ ಒಲೆ, ನೀರು ಕಾಯಿಸುವ ಸರಳು ಇವುಗಳನ್ನು ಯಾವ ಪೆಟ್ಟಿಗೆಗೂ ಸಿಕ್ಕಿಸದಿರುವುದೇ ಲೇಸು. ಶಾಖವನ್ನು ಹುಟ್ಟಿಸುವ ಸಾಧನಗಳೆಲ್ಲ ಹಸಿದ ಬಕಾಸುರನಂತೆ. ಕೂಡಿಟ್ಟದ್ದನ್ನು ಗಳಿಗೆಯಲ್ಲಿ ನುಂಗುತ್ತವೆ.

ಕೃಷಿಕ ಬಂಧುಗಳು ಬಾವಿಯ ಪಂಪಿನ ಮಾತನ್ನು ಕೇಳುವಿರಿ. ಅರ್ಧ ಅಶ್ವಶಕ್ತಿಯ ಪಂಪು ನಡೆಯುವಾಗ 600 ವ್ಯಾಟಿನ ಆಸುಪಾಸು ಎಳೆಯುತ್ತದೆ. 20 ನಿಮಿಷ ನಡೆದು ಮನೆಯ ಟಾಂಕಿಯನ್ನು ತುಂಬಿದರೆ ಖರ್ಚು 200 ವ್ಯಾಟ್ ಗಂಟೆಯಷ್ಟೆ. ಆದರೆ ಹೊರಡುವ ಕ್ಷಣದಲ್ಲಿ ಅದು ಇದರ ಹಲವು ಪಾಲನ್ನು ಒಮ್ಮೆಗೆ ಕೇಳುತ್ತದೆ. ಇಲ್ಲಿ ಕೆರೆ ಚಿಕ್ಕದಿದ್ದರೂ ಸಾಕು, ತೂಬು ಮಾತ್ರ ಬಲು ಅಗಲವಿರಬೇಕು. ಆ ಅಗಲದ ತೂಬು ದೊಡ್ಡ ಪೆಟ್ಟಿಗೆಗಳಿಗೆ ಮಾತ್ರ ಇರುತ್ತದೆ. 300 ವ್ಯಾಟಿನ ಮೂರು ಚಿಕ್ಕ ಪೆಟ್ಟಿಗೆಗಳನ್ನು ಸಾಲಾಗಿಟ್ಟರೆ 900 ವ್ಯಾಟಿನ ಒಂದು ಪೆಟ್ಟಿಗೆಯಾಯಿತೆಂದು ಯಾರೂ ತಿಳಿಯಬಾರದು. ಅವುಗಳ ಕಿಂಡಿಗಳನ್ನು ಒಂದಕ್ಕೊಂದು ಬೆಸೆಯುವಂತಿಲ್ಲ, ಬೆಸೆದರೆ ಹಾನಿ. ಚಿಕ್ಕವುಗಳ ಪಕ್ಷದವರು ಈ ಮಾತನ್ನು ಒಪ್ಪಿಕೊಳ್ಳಲೇಬೇಕು. ಆದರೆ ಸಂಜೆಯೇ ಟಾಂಕಿಯನ್ನು ತುಂಬಿಟ್ಟುಕೊಳ್ಳುವ ಮನೆಗೆ ಪಂಪಿನ ಚಿಂತೆಯಿಲ್ಲ. ಎತ್ತರದಲ್ಲಿರುವ ನೀರೂ ಕೂಡಿಟ್ಟ ಶಕ್ತಿಯೇ. ನಮ್ಮ ಸುರಂಗದ ನೀರಂತೂ ಯಾವ ತಂತಿಯ ಹಂಗೂ ಇಲ್ಲದೆ ಇಳಿದು ಬರುತ್ತದೆ.

ಈಗ ದೊಡ್ಡ ಪೆಟ್ಟಿಗೆಯ ಗುಣದೋಷಗಳನ್ನು ನೋಡೋಣ. 2,000 ವ್ಯಾಟ್ ಗಂಟೆಯ ಪೆಟ್ಟಿಗೆಯಿದ್ದರೆ ಪ್ರೊಜೆಕ್ಟರು, ಗಣಕಯಂತ್ರ, ಧ್ವನಿವರ್ಧಕ ಎಲ್ಲವೂ ನಡೆಯುತ್ತವೆ, ಪಂಪೂ ನಡೆದೀತು. ಆದರೆ ಅದರ ತೂಕ 20ರಿಂದ 28 ಕಿಲೋ, ಅಕ್ಕಿಯ ಮೂಟೆಯೊಂದರಷ್ಟು. ಹೆಸರಿಗೆ ಒಯ್ಯಬಹುದಾದದ್ದು; ಒಯ್ಯುವವರಿಗೆ ಇಬ್ಬರು ಗಟ್ಟಿಗರು ಬೇಕು. ಮಳೆಯಲ್ಲಿ ಸಂಕದ ಮೇಲೆ ಅದನ್ನು ಹೊತ್ತುಕೊಂಡು ಹೋಗುವ ಸಾಹಸ ಬೇಡ. 1,000 ವ್ಯಾಟ್ ಗಂಟೆಯದು 10ರಿಂದ 14 ಕಿಲೋ. ಒಬ್ಬರು ಎತ್ತಿ ಜೀಪಿನಲ್ಲಿ ಇಡಬಹುದು. 300ರದ್ದು ಮೂರೂವರೆ ಕಿಲೋದ ಸುಮಾರು. ಹುಟ್ಟಿದ ಕೂಸಿನಷ್ಟು ಭಾರ. ಹತ್ತನೆಯ ತರಗತಿಯ ಹುಡುಗಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಇದನ್ನು ಹಿಡಿದು ನಡೆಯಬಲ್ಲಳು.

ಒಯ್ಯುವ ಅಗತ್ಯವೇ ಇಲ್ಲದೆ ಒಂದೆಡೆ ನೆಲೆನಿಂತು ಕೆಲಸ ಮಾಡುವುದಾದರೆ, ಹಲವು ಮನೆಗಳಲ್ಲಿ ಈಗಾಗಲೇ ಇರುವ ಇನ್ವರ್ಟರು ಮತ್ತು ಸೀಸದ ಬ್ಯಾಟರಿಯೇ ಅಗ್ಗ. 12 ವೋಲ್ಟಿನ 150 ಆಂಪಿಯರ್ ಗಂಟೆಯ ಬ್ಯಾಟರಿಯೆಂದರೆ 1,800 ವ್ಯಾಟ್ ಗಂಟೆ. ಆದರೆ ಅದನ್ನು ಪೂರ್ತಿ ಬರಿದು ಮಾಡಿದರೆ ಬೇಗ ಸಾಯುತ್ತದೆ. ಭಟ್ಟಿಯಿಳಿಸಿದ ನೀರನ್ನು ಹಾಕುತ್ತಿರಬೇಕು. ತುಂಬುವಾಗ ಜಲಜನಕ ಹೊರಡುವುದರಿಂದ ಗಾಳಿಯಾಡುವ ಕಡೆ ಇಡಬೇಕು. ತೂಕ 50 ಕಿಲೋ ಮೀರುತ್ತದೆ. ಎಲ್ಲವೂ ಗೊತ್ತಿದ್ದು ಒಂದೇ ಮೂಲೆಯಲ್ಲಿ ಇಡುವವರು ದೊಡ್ಡ ಲಿಥಿಯಮ್ ಪೆಟ್ಟಿಗೆಗೆ ಹಣ ಸುರಿಯುವ ಮೊದಲು ಇದನ್ನೂ ತೂಗಿ ನೋಡಬೇಕು.

ದೊಡ್ಡ ಪೆಟ್ಟಿಗೆಗೆ ಇನ್ನೆರಡು ತೊಡಕುಗಳಿವೆ. ಒಂದು, ಅದು ಸುಮ್ಮನಿದ್ದಾಗಲೂ ತಿನ್ನುತ್ತದೆ. 230 ವೋಲ್ಟಿನ ಗುಂಡಿಯನ್ನು ಒತ್ತಿಟ್ಟರೆ, ಏನನ್ನೂ ಸಿಕ್ಕಿಸದಿದ್ದರೂ ಪೆಟ್ಟಿಗೆ ತನ್ನ ಪಾಲಿಗೆ ಗಂಟೆಗೆ 10ರಿಂದ 20 ವ್ಯಾಟ್ ಗಂಟೆ ಖರ್ಚುಮಾಡುತ್ತದೆ. ದೊಡ್ಡದು ಇನ್ನೂ ಹೆಚ್ಚು. ಚಿಕ್ಕದರಲ್ಲಿ ಹೀಗೆ ರಾತ್ರಿಯಿಡೀ ಮರೆತರೆ ಅರ್ಧ ಪೆಟ್ಟಿಗೆ ಸೋರಿಹೋಗುತ್ತದೆ. ಆದುದರಿಂದ ಫೋನನ್ನು ತುಂಬುವಾಗ ಯು.ಎಸ್.ಬಿ. ಕಿಂಡಿಯನ್ನೇ ಬಳಸಿ, ದೊಡ್ಡ ಗುಂಡಿಯನ್ನು ಆರಿಸಿಡಬೇಕು. ಎರಡು, ಬರಿದಾದ ಮೇಲೆ ತುಂಬುವ ಕಷ್ಟ. ಬಿಸಿಲಿನ ದಿನ 100 ವ್ಯಾಟಿನ ಸೌರ ಫಲಕವೊಂದು ಸುಮಾರು 400 ವ್ಯಾಟ್ ಗಂಟೆ ಕೊಡಬಲ್ಲುದು. ಕಾರ್ಗಾಲದ ಮಬ್ಬಿನಲ್ಲಿ ಅದರ ಕಾಲು ಪಾಲೂ ದೊರೆತರೆ ಪುಣ್ಯ. ನಮಗೆ ಪೆಟ್ಟಿಗೆ ಬೇಕಾಗುವುದು ಸೂರ್ಯನು ಮುಖ ತೋರಿಸದ ದಿನಗಳಲ್ಲಿಯೇ. ಜೀಪಿನ 12 ವೋಲ್ಟಿನ ಕಿಂಡಿಯಿಂದ ಗಂಟೆಗೆ ಸುಮಾರು 100 ದೊರೆಯುತ್ತದೆ. ಚಿಕ್ಕ ಪೆಟ್ಟಿಗೆ ಮೂರು ಮೂರೂವರೆ ಗಂಟೆಯಲ್ಲಿ ತುಂಬೀತು. ದೊಡ್ಡದಕ್ಕೆ ಇಪ್ಪತ್ತು ಗಂಟೆಗೂ ಮೀರಿ ಜೀಪನ್ನು ಓಡಿಸಬೇಕು. ಬಿಂದಿಗೆಯನ್ನು ನೆರೆಮನೆಯ ಬಾವಿಯಿಂದಲೂ ತುಂಬಿ ತರಬಹುದು. ಹಂಡೆಯನ್ನು ಹಾಗೆ ತರಲಾಗದು.

ಆಯುಷ್ಯದ ವಿಷಯ. ಲಿಥಿಯಮ್ ಕೋಶಗಳಲ್ಲಿ ಮುಖ್ಯವಾಗಿ ಎರಡು ಜಾತಿ. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದವು ಹಗುರ. ಆದರೆ 500ರಿಂದ 1,000 ಸಲ ತುಂಬಿ ಬಳಸುವಷ್ಟರಲ್ಲಿ ಮುಪ್ಪಾಗುತ್ತವೆ. ಕಬ್ಬಿಣ ಮತ್ತು ಫಾಸ್ಫೇಟ್ ಸೇರಿದವು ತುಸು ಭಾರ; ಆದರೆ 3,000 ಸಲಕ್ಕೂ ಮೀರಿ ಬಾಳುತ್ತವೆ, ಕಾವಿಗೆ ಸುಲಭವಾಗಿ ಕೆರಳುವುದಿಲ್ಲ. ಗುಡಿನಫ್ ಮತ್ತು ಸಂಗಡಿಗರು ಇದನ್ನು 1997ರಲ್ಲಿ ಪ್ರಕಟಿಸಿದರು. ಮಕ್ಕಳಿರುವ ಶಾಲೆಗೆ ಈ ಎರಡನೆಯ ಜಾತಿಯೇ ತಕ್ಕದ್ದು. ಕೊಳ್ಳುವಾಗ ಐ.ಎಸ್. 16046 ಎಂಬ ಭಾರತೀಯ ಮಾನಕದ ಗುರುತನ್ನೂ, ಹೊರಬರುವ ಅಲೆ ಶುದ್ಧ ಸೈನ್ ಅಲೆಯೇ ಎಂಬುದನ್ನೂ ವಿಚಾರಿಸಬೇಕು. ಕೊಲ್ಲಿಯ ದೇಶದಿಂದ ಬರುವ ಬಂಧುಗಳ ಕೈಯಲ್ಲಿ ತರಿಸೋಣವೆಂದು ಕೆಲವರು ಹೇಳಿದರು. ಅದು ಆಗದ ಮಾತು. ಪ್ರಯಾಣಿಕರು ವಿಮಾನದಲ್ಲಿ 100 ವ್ಯಾಟ್ ಗಂಟೆಯವರೆಗಿನ ಬ್ಯಾಟರಿಯನ್ನು ಕೈಚೀಲದಲ್ಲಿ ತರಬಹುದು. 160ರವರೆಗೆ ವಿಮಾನ ಕಂಪೆನಿಯ ಒಪ್ಪಿಗೆ ಬೇಕು. ಅದಕ್ಕೆ ಮೇಲ್ಪಟ್ಟದ್ದಕ್ಕೆ ಅನುಮತಿಯೇ ಇಲ್ಲ. ನಮ್ಮ ಅತ್ಯಂತ ಚಿಕ್ಕ ಪೆಟ್ಟಿಗೆಯೂ ಆ ಮಿತಿಯನ್ನು ಮೀರುತ್ತದೆ.

ಕಾಪಾಡುವ ಕ್ರಮವನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಬಳಸದ ತಿಂಗಳುಗಳಲ್ಲಿ ಪೆಟ್ಟಿಗೆಯನ್ನು ಅರ್ಧಕ್ಕಿಂತ ತುಸು ಹೆಚ್ಚು ತುಂಬಿ, ತಂಪಾದ ಒಣ ಜಾಗದಲ್ಲಿ ಇಡಬೇಕು. ಮೂರು ತಿಂಗಳಿಗೊಮ್ಮೆ ನೋಡಿ ಮತ್ತೆ ತುಂಬಬೇಕು. ಬಿಸಿಲಿಗೆ ಕಾಯುವ ತಗಡಿನ ಮಾಡಿನ ಕೆಳಗೆ ಇಡಬಾರದು. ಹವಾಮಾನ ಇಲಾಖೆಯವರು ಭಾರೀ ಮಳೆಯ ಎಚ್ಚರಿಕೆ ಕೊಟ್ಟೊಡನೆ ಪೂರ್ತಿ ತುಂಬಿಡಬೇಕು. ಉಬ್ಬಿದ, ವಾಸನೆ ಬರುವ, ಮುಟ್ಟಲಾಗದಷ್ಟು ಬಿಸಿಯಾದ ಪೆಟ್ಟಿಗೆಯ ಹತ್ತಿರ ಮಕ್ಕಳು ಸುಳಿಯಬಾರದು. ದೂರ ಸರಿದು ಹಿರಿಯರನ್ನು ಕರೆಯಬೇಕು. ಸತ್ತ ಪೆಟ್ಟಿಗೆಯನ್ನು ಕಸದಲ್ಲಿ ಎಸೆಯಕೂಡದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆಯ ನಿಯಮಗಳ ಪ್ರಕಾರ ಅದನ್ನು ಮರಳಿ ಪಡೆಯುವ ಹೊಣೆ ತಯಾರಕರ ಮೇಲಿದೆ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಎರಡು ತುದಿಗೂ ಮೊಳೆಯಿರುವ ತಂತಿಯನ್ನು ಮಾಡಿಕೊಂಡು ಪೆಟ್ಟಿಗೆಯನ್ನು ಗೋಡೆಯ ಕಿಂಡಿಗೆ ಸಿಕ್ಕಿಸಿ, ಮನೆಯ ದೀಪಗಳನ್ನೆಲ್ಲ ಉರಿಸುವ ಜಾಣತನವನ್ನು ಯಾರೂ ತೋರಿಸಬಾರದು. ಆ ವಿದ್ಯುತ್ತು ಮನೆಯಲ್ಲಿ ನಿಲ್ಲದೆ ಹೊರಗಿನ ತಂತಿಗೂ ಹರಿಯುತ್ತದೆ. ತಂತಿ ಸತ್ತಿದೆಯೆಂದು ನಂಬಿ ಕಂಬದ ಮೇಲೆ ಕೈಯಿಟ್ಟವನ ಪ್ರಾಣ ನಮ್ಮ ಕೈಯಿಂದ ಹೋದೀತು. ದೀಪ, ಫ್ಯಾನುಗಳನ್ನು ನೇರವಾಗಿ ಪೆಟ್ಟಿಗೆಗೇ ಸಿಕ್ಕಿಸಿರಿ.

ಈಗ ನಮ್ಮ ಶಾಲೆಯ ಪ್ರಶ್ನೆಗೆ ಬರುತ್ತೇನೆ. ನಮಗೆ ಬೇಕಾದುದೇನು? ಶಾಲೆಯಲ್ಲಿ ಪ್ರೊಜೆಕ್ಟರು ಮತ್ತು ಗಣಕಯಂತ್ರಕ್ಕೆ 300 ವ್ಯಾಟಿನಂತೆ ದಿನಕ್ಕೆ ಒಂದೂವರೆ ಗಂಟೆ: 450, ನಷ್ಟ ಸೇರಿ 530 ವ್ಯಾಟ್ ಗಂಟೆ. ಕಛೇರಿಯ ಲೇಸರ್ ಮುದ್ರಣ ಯಂತ್ರ ಕಾಯುವಾಗ 1,000 ವ್ಯಾಟಿನ ಹತ್ತಿರ ಕೇಳುವುದರಿಂದ ಅದನ್ನು ಪಟ್ಟಿಯಿಂದ ಬಿಡೋಣ. ಇನ್ನು ಮೂರು ಕಡೆ ನಡೆಯುವ ಹತ್ತನೆಯ ತರಗತಿಯ ಸಂಜೆಯ ಓದು. ಒಂದೊಂದು ಕಡೆಗೂ 9 ವ್ಯಾಟಿನ ಎರಡು ದೀಪ, 3 ಗಂಟೆ: 54. ಆರು ಮನೆಯವರ ಫೋನುಗಳಿಗೆ 120. ಒಟ್ಟು 174, ನಷ್ಟ ಸೇರಿ 205. ಎಂದರೆ ಶಾಲೆಗೆ 1,000ದ ಒಂದು ಪೆಟ್ಟಿಗೆ, ಓದಿನ ಕೇಂದ್ರಗಳಿಗೆ 300ರ ಮೂರು. ಎಲ್ಲ ಸೇರಿ 1,900. ದೊಡ್ಡ ಪಕ್ಷದವರು ಕೇಳುವ 2,000ದ ಒಂದು ಪೆಟ್ಟಿಗೆಯಲ್ಲಿರುವುದೂ ಹೆಚ್ಚು ಕಡಿಮೆ ಇಷ್ಟೇ. ಕೂಡಿಟ್ಟ ನೀರು ಒಂದೇ. ಇರಿಸುವ ಪಾತ್ರೆ ಬೇರೆ.

ದೊಡ್ಡದೊಂದೇ ಇದ್ದರೆ ಅದು ಶಾಲೆಯ ಕೋಣೆಯಲ್ಲಿ ಬೀಗದೊಳಗೆ ಇರುವುದು. ಕತ್ತಲಾದ ಮೇಲೆ ಶಾಲೆಯಲ್ಲಿ ಓದುವವರು ಯಾರು? ಮಕ್ಕಳು ಓದುವುದು ಗುಡ್ಡದ ಆಚೆ, ತೋಡಿನ ಈಚೆ, ತಮ್ಮ ತಮ್ಮ ಮನೆಗಳ ಬಳಿ. ಅದೂ ಅಲ್ಲದೆ, ಒಂದೇ ಪೆಟ್ಟಿಗೆ ಕೆಟ್ಟರೆ ಎಲ್ಲವೂ ಕೆಟ್ಟಂತೆ; ನಾಲ್ಕರಲ್ಲಿ ಒಂದು ಕೆಟ್ಟರೆ ಮೂರು ಉಳಿಯುವುವು. ಹಾಗೆಂದು ಎಲ್ಲವೂ ಚಿಕ್ಕವೇ ಆಗಲಿ ಎಂದರೂ ತಪ್ಪು. ಪ್ರೊಜೆಕ್ಟರಿಗೂ, ಮುಖ್ಯವಾಗಿ ಊರಿನ ರೋಗಿಗಳಿಗೂ, ತೂಬು ಅಗಲವಾದ ಒಂದು ಪೆಟ್ಟಿಗೆ ಬೇಕು. ನನ್ನ ತಾಯಿಯವರ ಯಂತ್ರ 1,000ದ ಪೆಟ್ಟಿಗೆಯಲ್ಲಿ 2 ಗಂಟೆ 40 ನಿಮಿಷದ ಹತ್ತಿರ ನಡೆಯುವುದು. ಅದು ಇಡೀ ರಾತ್ರಿಗೆ ಸಾಲದು. ಆದರೆ ಆಸ್ಪತ್ರೆ ಮುಟ್ಟುವುದಕ್ಕೆ ಬೇಕಾದ ಹೊತ್ತನ್ನು ಕೊಡುತ್ತದೆ. ಇಂಥ ಯಂತ್ರವಿರುವ ಮನೆಯವರು ಯಾವ ಪೆಟ್ಟಿಗೆಯನ್ನೂ ನೆಚ್ಚಿ ಕೂರದೆ, ವೈದ್ಯರನ್ನು ಕೇಳಿ ಆಮ್ಲಜನಕದ ಸಿಲಿಂಡರೊಂದನ್ನು ಮನೆಯಲ್ಲಿ ಇರಿಸಿಕೊಳ್ಳಬೇಕೆಂದು ಕೈಮುಗಿದು ಬೇಡುತ್ತೇನೆ. ನಾವೀಗ ಹಾಗೆಯೇ ಇರಿಸಿಕೊಂಡಿದ್ದೇವೆ.

ಆದುದರಿಂದ ನನ್ನ ಸಲಹೆ ಇದು: ಒಂದು ಹಂಡೆ, ಮೂರು ಬಿಂದಿಗೆ. ಹಂಡೆಯು ಹಗಲು ಶಾಲೆಗೆ, ರಾತ್ರಿ ಅಗತ್ಯ ಬಿದ್ದ ರೋಗಿಗೆ. ಬಿಂದಿಗೆಗಳು ಓದುವ ಮಕ್ಕಳಿಗೆ. ಬೆಳಿಗ್ಗೆ ಶಾಲೆಗೆ ತಂದು ತುಂಬಿ ಸಂಜೆ ಒಯ್ಯಬೇಕು. ಯಾರು ಯಾವಾಗ ಒಯ್ದರು, ಎಷ್ಟು ಉಳಿಸಿ ತಂದರು ಎಂಬುದನ್ನು ವಿದ್ಯಾರ್ಥಿಗಳೇ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮೊದಲ ಮಳೆಗೆ ಮುಂಚೆ ನಾಲ್ಕನ್ನೂ ನಿಜವಾದ ಭಾರದೊಂದಿಗೆ ನಡೆಸಿ, ಗಡಿಯಾರ ಹಿಡಿದು ಪರೀಕ್ಷಿಸಬೇಕು. ನಾನು ಮಾಡದೆ ಬಿಟ್ಟ ಕೆಲಸವದು. ಸಭೆಯು ಬೇರೆ ಬಗೆಯಾಗಿ ತೀರ್ಮಾನಿಸಿದರೂ ನನಗೆ ಸಮ್ಮತವೇ. ಆದರೆ ತೀರ್ಮಾನಕ್ಕೆ ಮೊದಲು ಪ್ರತಿಯೊಬ್ಬರೂ ತಮ್ಮ ಲೆಕ್ಕದ ಹಾಳೆಯೊಂದನ್ನು ತರಬೇಕೆಂದು ಕೋರುತ್ತೇನೆ.

ಕೊನೆಯದಾಗಿ ಪೋಷಕರಲ್ಲಿ ಒಂದು ಮಾತು. ವಿಜ್ಞಾನವನ್ನು ಕನ್ನಡದಲ್ಲಿ ಓದಿ ಮಕ್ಕಳಿಗೇನು ಪ್ರಯೋಜನವೆಂದು ತಮ್ಮಲ್ಲಿ ಕೆಲವರು ನನ್ನನ್ನು ಕೇಳಿದ್ದುಂಟು. ಆ ಪೆಟ್ಟಿಗೆಯ ಮೇಲಿನ ಬರಹವೆಲ್ಲ ಇಂಗ್ಲಿಷಿನಲ್ಲಿತ್ತು. ನಾನು ಅದನ್ನು ತಡೆಯಿಲ್ಲದೆ ಓದಿದ್ದೆನು, ಓದಿಯೂ ಮೋಸಹೋದೆನು. ನನ್ನ ಮಗಳು ವಿದ್ಯುತ್ತಿನ ಪಾಠವನ್ನು ಕನ್ನಡದಲ್ಲಿ ಕಲಿತಿದ್ದಳು. ಮೂರು ಸಾಲುಗಳ ಲೆಕ್ಕವನ್ನು ಕನ್ನಡದಲ್ಲಿಯೇ ಮಾಡಿದಳು. ಆ ಹಾಳೆಯನ್ನು ನಾನು ಇಂದಿಗೂ ತಾಯಿಯವರ ಯಂತ್ರದ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಈ ಊರಿನ ಪ್ರತಿಯೊಂದು ಮನೆಯಲ್ಲಿಯೂ ಅಂಥ ಹಾಳೆಯೊಂದನ್ನು ಬರೆಯಬಲ್ಲ ಮಗುವೊಂದು ಇದೆ. ಅಂಗಡಿಗೆ ಹೋಗುವ ಮೊದಲು ಆ ಮಗುವನ್ನು ಕೂರಿಸಿಕೊಂಡು ಬರೆಯಿಸಿರಿ.